ಪ್ಲಾಟ್ ತಗೊಳ್ಳೂಕಿಂತ ಮೊದ್ಲ ಓಣಿ ಓದೂದು ಹೆಂಗ

ಪ್ಲಾಟ್ ನೋಡಾಕ ಹೋದಾಗ ನಾವೆಲ್ಲಾ ಮಾಡೂದು ಒಂದ, ಏಜೆಂಟ್ ನಾಕ ಮೂಲಿ ಕಲ್ಲ ತೋರಸ್ತಾನ, ನಾವು ಮೂಡಲ ಮುಖ ಐತೇನು, ಬೋರಿಗೆ ನೀರ ಎಷ್ಟ ಫೂಟಿಗೆ ಬರ್ತೈತಿ ಅಂತ ಕೇಳಿ, ಅಲ್ಲೇ ಒಂದ ಚಾ ಕುಡದು ಮನಿಗೆ ಬರ್ತೀವಿ. ಬಾಜೂ ಪ್ಲಾಟಿನಾಗ ಏನ್ ಕಟ್ಟಾಕ ಬರ್ತೈತಿ ಅಂತ ಯಾರೂ ಕೇಳೂದಿಲ್ಲ. ನಾನೂ ಕೇಳಿರಲಿಲ್ರಿ. ಈಗ ನಮ್ಮ ಮನಿ ಹಿಂದಿನ ಕಿಡಕಿ ತಗದ್ರ ಒಂದ ಕಲ್ಯಾಣ ಮಂಟಪದ ಅಡಗಿಮನಿ, ಮದವಿ ಸೀಸನ್ನಿನಾಗ ಮುಂಜಾನೆ ನಾಕಕ್ಕ ಉಳ್ಳಾಗಡ್ಡಿ ಒಗ್ಗರಣಿ ವಾಸನಿಗೇ ಎಚ್ಚರ ಆಗೂದು.

ಅದಕ್ಕ ಮೊದ್ಲ ನಕಾಶಿ ಬ್ಯಾಡ, ಕಾಲಾಗ ಚಪ್ಪಲ್ ಹಾಕ್ಕೊಂಡು ಅಡ್ಡಾಡ್ರಿ. ಹುಬ್ಬಳ್ಳ್ಯಾಗ ದುರ್ಗದಬೈಲಿನಿಂದ ಜವಳಿ ಸಾಲಿನ ಕಡೆ ಹೋಗ್ರಿ, ನೂರ ಹೆಜ್ಜಿ ಇಡೂದ್ರಾಗ ಎಷ್ಟ ಬಾಗಲ ಬಂದ್ವು ಎಣಸ್ರಿ. ಅಲ್ಲಿ ಕಟ್ಟಡ ಅಂದ್ರ ಮುಖ ಸಣ್ಣದು, ಒಳಗ ಉದ್ದ, ಎರಡೂ ಬಾಜೂಕ ಗ್ವಾಡಿಗೆ ಗ್ವಾಡಿ ಹತ್ತಿರತೈತಿ, ಕೆಳಗ ಅಂಗಡಿ ಮ್ಯಾಲ ಮನಿ ಇಲ್ಲಾ ಗೋಡೌನ್. ಹಿಂಗಾಗಿ ನಾಕ ಹೆಜ್ಜಿಗೊಂದ ಬಾಗಲ, ಗದ್ದಲ, ವ್ಯಾಪಾರ. ಇನ್ನೊಂದ ದಿನ ಧಾರವಾಡದ ಮಾಳಮಡ್ಡಿಗೆ ಹೋಗ್ರಿ, ಹಳೇ ಹಂಚಿನ ಬಂಗಲೆ ಇನ್ನೂ ಅಲ್ಲೊಂದು ಇಲ್ಲೊಂದು ಉಳದಾವು, ಮುಂದ ಕಂಪೌಂಡ್, ಗಿಡ, ಆಮ್ಯಾಲ ವರಾಂಡಾ. ಅಲ್ಲಿ ಬಾಗಲ ಎಣಸಿದ್ರ ಕೈಬೆರಳ ಸಾಕು, ಆದ್ರ ನೆರಳೈತಿ, ಹಕ್ಕಿ ಸಪ್ಪಳ ಕೇಳತೈತಿ. ಮೂರನೇದು ಯಾವದರ ಹೊಸಾ ಅಪಾರ್ಟ್ಮೆಂಟ್ ರೋಡಿಗೆ ಹೋಗ್ರಿ, ಕೆಳಗ ಪೂರಾ ಪಾರ್ಕಿಂಗ್, ರಸ್ತಾಕ ಕಾಣೂದು ಒಂದ ಗೇಟ್ ಮತ್ತ ವಾಚ್‌ಮನ್ ಕುರ್ಚಿ. ಇದೂ ವಸತಿನ, ಮಾಳಮಡ್ಡಿನೂ ವಸತಿನ, ಊರಿನ ನಕಾಶ್ಯಾಗ ಎರಡಕ್ಕೂ ಬಣ್ಣ ಒಂದ ಇರಬಹುದು, ರಾತ್ರಿ ಒಂಬತ್ತಕ್ಕ ಒಬ್ಬಾಕಿ ಹುಡಿಗಿ ನಡಕೊಂಡ ಬರೂವಾಗ ಮಾತ್ರ ಎರಡೂ ಬ್ಯಾರೇ ಬ್ಯಾರೇ ಊರು.

ನಮ್ಮ ಹಳೇ ಓಣಿ ಮನ್ಯಾಗ ಬಾಗಲದ ಎರಡೂ ಬಾಜೂಕ ಕಟ್ಟಿ ಇರತಿತ್ತು ನೋಡ್ರಿ, ಅದು ಅರ್ಧಾ ಮನಿದು ಅರ್ಧಾ ಓಣಿದು. ಅಲ್ಲಿ ಕುಂತ ಅಜ್ಜಗ ಓಣ್ಯಾಗ ಯಾರ ಬಂದ್ರು ಯಾರ ಹೋದ್ರು ಎಲ್ಲಾ ಗೊತ್ತು, ಸಿಸಿಟಿವಿ ಏನ್ ಮಾಡ್ತೈತ್ರಿ ಅವನ ಮುಂದ. ಹಂಗಾಗಿ ಯಾವ ಕಟ್ಟಡ ನೋಡಿದ್ರೂ ಎಷ್ಟ ಮಜಲಾ ಅನ್ನೂಕಿಂತ ಮೊದ್ಲ ಕೆಳಗಿನ ಹತ್ತ ಫೂಟ್ ನೋಡ್ರಿ. ರಸ್ತಾಕ ಏನ್ ತೋರಸ್ತೈತಿ, ಬಾಗಲಾ, ಕಿಡಕಿನಾ, ಶಟರಾ, ಇಲ್ಲಾ ಬರೇ ಗ್ವಾಡಿನಾ?

ಎತ್ತರಕ್ಕ ಒಂದ ಸರಳ ಲೆಕ್ಕ. ಒಂದ ಮಜಲಿಗೆ ಸುಮಾರು 10 ಫೂಟ್ ಹಿಡೀರಿ, 30 ಫೂಟ್ ರಸ್ತಾದ ಮ್ಯಾಲ ಗ್ರೌಂಡ್ ಪ್ಲಸ್ ಟೂ ಕಟ್ಟಿದ್ರ ಎತ್ತರ ಅಗಲ ಸರೀ ಆಗ್ತೈತಿ, ಓಣಿ ಒಂದ ಖೋಲಿ ಇದ್ದಂಗ ಕಾಣ್ತೈತಿ. ಅದ ರಸ್ತಾಕ ಆರ್ ಮಜಲಾ ಬಂದ್ರ ಕೆಳಗಿನವರಿಗೆ ಬಿಸಲಿಲ್ಲ. ಉಲ್ಟಾನೂ ಐತಿ, ಹುಬ್ಬಳ್ಳಿ ಧಾರವಾಡ ಕೂಡಸೂ ಪಿ.ಬಿ. ರೋಡ್ ಬಿಆರ್‌ಟಿಎಸ್ ಅಂದ್ರ ಬಸ್ಸಿಗಂತನ ಬ್ಯಾರೇ ದಾರಿ ಮಾಡೂ ಸಲುವಾಗಿ ಅಗಲ ಆತು, 2018ಕ್ಕ ಅದರಾಗ ಚಿಗರಿ ಅನ್ನೂ ಬಸ್ ಓಡಾಕ ಹತ್ತಿದ್ವು, ಭಾಳ ಕಟ್ಟಡದ ಮುಂದಿನ ಭಾಗಾನ ಹೋತು, ಈಗ ಅಷ್ಟ ಅಗಲ ರಸ್ತಾದ ದಂಡಿಗೆ ಒಂದ ಮಜಲಿನ ಅಂಗಡಿ ಇದ್ರ ಅದು ಕಣ್ಣಿಗೇ ಬೀಳೂದಿಲ್ಲ. ಅಂಥಲ್ಲಿ ಎತ್ತರ ಇದ್ರನ ಚಂದ.

ಈಗ ನಕಾಶಿ ತಗೀರಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಮಾಸ್ಟರ್ ಪ್ಲಾನ್ ಇರತೈತಿ, ಅಂದ್ರ ಊರಾಗ ಯಾವ ಜಾಗಾ ಯಾವದಕ್ಕ ಅಂತ ಬಣ್ಣದಾಗ ತೋರಸೂ ನಕಾಶಿ, ಹುಡಾದಾಗ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ನೋಡಾಕ ಸಿಗತೈತಿ. ಸಾಮಾನ್ಯ ಹಳದಿ ಅಂದ್ರ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾಲಿ ದವಾಖಾನಿ ಆಫೀಸಿನಂಥ ಸಾರ್ವಜನಿಕ ಜಾಗಾ, ಹಸರು ಪಾರ್ಕ್. ಮೂಲ್ಯಾಗ ಸೂಚಿ ಇರತೈತಿ, ಅದನ್ನ ನೋಡಿನ ಬಣ್ಣ ನಂಬ್ರಿ. ಇಲ್ಲೇ ಎಲ್ಲಾರೂ ಮೋಸ ಹೋಗೂದು, ಹಳದಿ ಅಂದ ಕೂಡ್ಲೆ ಬರೇ ಮನಿ ಅಂತ ತಿಳಕೋತಾರ. ಎಲ್ಲಿ ಏನ್ ಕಟ್ಟಾಕ ಬರ್ತೈತಿ ಅನ್ನೂ ಝೋನಿಂಗ್ ನಿಯಮದಾಗ ಪ್ರತಿ ಬಣ್ಣಕ್ಕೂ ಎರಡ ಪಟ್ಟಿ ಇರತಾವ್ರಿ, ಒಂದು ಸೀದಾ ಕಟ್ಟಾಕ ಬರೂವಂಥವು, ಇನ್ನೊಂದು ವಿಶೇಷ ಸಂದರ್ಭದಾಗ ಪ್ರಾಧಿಕಾರ ಒಪ್ಪಿದ್ರ ಬರೂವಂಥವು. ಎರಡನೇ ಪಟ್ಟಿ ಓದ್ರಿ, ನಿಮ್ಮ ನಿದ್ದಿ ಇರೂದು ಅದ್ರಾಗ.

ಇನ್ನ "ಎನ್ಎ ಆಗೇತ್ರಿ, ಚಿಂತಿ ಬ್ಯಾಡ" ಅನ್ನೂ ಮಾತು. ಎನ್ಎ ಅಂದ್ರ ಹೊಲ ಕೃಷಿಯಿಂದ ಬ್ಯಾರೇ ಉಪಯೋಗಕ್ಕ ಬದಲಾತು ಅಂತ, ಅದು ಭೂಕಂದಾಯ ಕಾಯ್ದೆ ಕೆಳಗ ಬರ್ತೈತಿ. ಮಾಸ್ಟರ್ ಪ್ಲಾನಿನಾಗಿನ ಬಣ್ಣ ಬದಲಾಗೂದು ಬ್ಯಾರೇ, ಅದಕ್ಕ ಯೋಜನಾ ಕಾಯ್ದೆಯ 14ಎ ಕಲಂ. ಹೊಲ ಪ್ಲಾಟ್ ಮಾಡಿ ಹಂಚಾಕ ಸಿಗೂ ಲೇಔಟ್ ಮಂಜೂರಿ ಮತ್ತೊಂದು. ಮೂರೂ ಕಾಗದ ಬ್ಯಾರೆ ಬ್ಯಾರೆ ಕೇಳ್ರಿ, ಏಜೆಂಟ್ ಮುಖ ಸಣ್ಣದಾದ್ರ ಆಗ್ಲಿ.

ಎಷ್ಟ ಕಟ್ಟಾಕ ಬರ್ತೈತಿ ಅನ್ನೂದು ಎಫ್ಎಆರ್ ಮ್ಯಾಲ, ಅಂದ್ರ ಎಲ್ಲಾ ಮಜಲಾ ಕೂಡಿ ಪ್ಲಾಟಿನ ಎಷ್ಟ ಪಟ್ಟು ಕಟ್ಟಬಹುದು ಅನ್ನೂ ಅಂಕಿ. ಉದಾಹರಣೆಗೆ 30 ಬೈ 40 ಪ್ಲಾಟ್, ಅಂದ್ರ 1200 ಚದರ ಫೂಟ್, ಎಫ್ಎಆರ್ 1.75 ಹಿಡದ್ರ ಎಲ್ಲಾ ಮಜಲಾ ಕೂಡಿ 2100. ನೆಲ ತುಂಬೂದು ನೂರಕ್ಕ 65 ಅಂತ ಹಿಡದ್ರ ಒಂದ ಮಜಲಿಗೆ 780, ಎರಡಕ್ಕ 1560, ಮೂರನೇದಕ್ಕ ಉಳಿಯೂದು 540. ನಿಮ್ಮ ಪ್ಲಾಟಿಗೆ ಖರೇ ಅಂಕಿ ಎಷ್ಟಂತ ಅಳತಿ, ರಸ್ತಾ ಅಗಲ ನೋಡಿ ಎಂಜಿನಿಯರ್ ಹೇಳ್ತಾರ. ಇದ ಲೆಕ್ಕ ಬಾಜೂದವರ ಪ್ಲಾಟಿಗೂ ಹಾಕ್ರಿ, ನಾಳೆ ಅವ್ರು ಎಷ್ಟ ಎತ್ತರ ಏರಬಹುದು ಅಂತ ಇವತ್ತ ಗೊತ್ತಾಗ್ತೈತಿ.

ಮಾರ್ಜಿನ್, ಅಂದ್ರ ಕಟ್ಟಡದ ಸುತ್ತ ಖಾಲಿ ಜಾಗಾ, ಬಿಡೂದು ಎಲ್ಲಾರಿಗೂ ಹೊಟ್ಟಿ ಉರಿ. ಆದ್ರೂ ಮುಂದಿನ ಮಾರ್ಜಿನ್ ಮುಚ್ಚಿ ರ‍್ಯಾಂಪ್ ರಸ್ತಾಕ ಚಾಚಬ್ಯಾಡ್ರಿ, ನಡಿಯೂ ಜಾಗಾ ಹೋಗೂದು ಅಲ್ಲೇ. ಕಂಪೌಂಡ್ ಎದಿಮಟ ಸಾಕು, ಮ್ಯಾಲ ಗ್ರಿಲ್ ಹಾಕ್ರಿ, ಪಾರ್ಕಿಂಗ್ ಬೇಕ ಅಂದ್ರ ಅರ್ಧಾ ಮುಖಕ್ಕ ಮಾಡಿ ಉಳದ ಅರ್ಧಾಕ್ಕ ಒಂದ ಖೋಲಿ, ಒಂದ ಕಿಡಕಿ ಇಡ್ರಿ. ಜಾಗಾ ಉಳದ್ರ ಒಂದ ಕಟ್ಟಿ, ನಿಮ್ಮ ಗೇಟಿನ ಒಳಗನ ಇರ್ಲಿ.

ರೊಕ್ಕಾ ಕೊಡೂಕಿಂತ ಮೊದ್ಲ ಇನ್ನ ಎರಡ ಸಲ ಹೋಗಿಬರ್ರಿ, ಒಂದು ಸೋಮವಾರ ಮುಂಜಾನೆ ಸಾಲಿ ಬಸ್ ಹೊತ್ತಿಗೆ, ಒಂದು ರಾತ್ರಿ ಊಟ ಆದ ಮ್ಯಾಲ. ಹತ್ರದಾಗ ಕಲ್ಯಾಣ ಮಂಟಪ ಇದ್ರ ಮುಹೂರ್ತದ ದಿನಾನ ಹೋಗ್ರಿ.