ಬೆಂಕಿ ಜೋರಾದಷ್ಟೂ ರಾಕೆಟ್ ಜೋರು ಅಂದ್ಕೊಂಡಿದ್ದೆ

ಎಂಟೆಕ್‌ನಲ್ಲಿ ನಾನು ತಗೊಂಡ ಪ್ರಾಜೆಕ್ಟು ಲಿಕ್ವಿಡ್ ಹೈಡ್ರೋಜನ್, ಲಿಕ್ವಿಡ್ ಆಕ್ಸಿಜನ್ ಎಂಜಿನ್ನಿನ ಪರ್ಫಾರ್ಮೆನ್ಸ್ ಲೆಕ್ಕ. ಎಂಜಿನ್ ಮುಟ್ಟೋದಿರ್ಲಿ, ದೂರದಿಂದ ಕೂಡ ನೋಡಿರ್ಲಿಲ್ಲ, ಎಲ್ಲಾ ರೂಮಲ್ಲಿ ಕೂತು ಲ್ಯಾಪ್‌ಟಾಪಲ್ಲೇ ಮಾಡಿದ್ದು. ಅಳತೆಗೋಲು ಸ್ಪೆಸಿಫಿಕ್ ಇಂಪಲ್ಸ್, ಅಂದ್ರೆ ಒಂದು ಕೆಜಿ ಪ್ರೊಪೆಲೆಂಟ್ (ಇಂಧನ, ಅದನ್ನ ಉರಿಸೋ ಆಕ್ಸಿಜನ್ ಎರಡೂ ಸೇರಿ) ಒಂದು ಕೆಜಿ ಭಾರದಷ್ಟು ತಳ್ಳುಬಲವನ್ನ ಎಷ್ಟು ಸೆಕೆಂಡ್ ಕೊಡುತ್ತೆ ಅನ್ನೋದು. ಇಸ್ರೋದ ವಿಕಾಸ್ ಎಂಜಿನ್‌ಗೆ ಅದು 290 ಚಿಲ್ಲರೆ, ಹೈಡ್ರೋಜನ್, ಆಕ್ಸಿಜನ್ ಉರಿಸೋ ಕ್ರಯೋಜೆನಿಕ್ (ಅತಿ ತಣ್ಣಗಿನ ಲಿಕ್ವಿಡ್ ಬಳಸೋ) ಎಂಜಿನ್ ಸಿಇ-20ಗೆ 440 ಚಿಲ್ಲರೆ.

ಮೊದಲು ಎಕ್ಸೆಲ್‌ನಲ್ಲಿ ಶುರು ಮಾಡ್ದೆ. ನೀರಲ್ಲಿ ತೂಕದ ಲೆಕ್ಕಕ್ಕೆ ಹೈಡ್ರೋಜನ್ 1 ಇದ್ರೆ ಆಕ್ಸಿಜನ್ 8, ಹಾಗಾಗಿ 8:1 ಹಾಕಿದ್ರೆ ಎಲ್ಲಾ ಪೂರ್ತಿ ಉರಿಯುತ್ತೆ, ಅಲ್ಲೇ ಬೆಸ್ಟ್ ಬರುತ್ತೆ ಅಂತ ನನ್ನ ನಂಬಿಕೆ. ಟೆಂಪರೇಚರ್ 4800 ಕೆಲ್ವಿನ್ ಬಂತು, ಖುಷಿಯಾಗಿ ಪ್ರಿಂಟ್ ತಗೊಂಡು ಗೈಡ್ ಮೇಡಂ ಹತ್ರ ಹೋದೆ. ಅವರು ಒಂದ್ಸಲ ನೋಡಿ, "ಏನಪ್ಪಾ, 4800ರಲ್ಲಿ ನೀರು ನೀರಾಗೇ ಕೂತಿರುತ್ತಾ?" ಅಂದ್ರು. ಅಷ್ಟು ಬಿಸಿಗೆ ನೀರಿನ ಅಣು ಒಡೆದು ಬಿಡಿ ಬಿಡಿ ಪರಮಾಣು, ಓಎಚ್ ತುಂಡು ಎಲ್ಲಾ ಆಗುತ್ತೆ, ಒಡೆಯೋಕೆ ಆ ಶಾಖಾನೇ ಖರ್ಚಾಗುತ್ತೆ. ನನ್ನ ಶೀಟಲ್ಲಿ ಅದು ಇರ್ಲೇ ಇಲ್ಲ.

ಆಮೇಲೆ ನಾಸಾದ ಸಿಇಎ ಹಿಡ್ಕೊಂಡೆ, ಗಾರ್ಡನ್ ಮತ್ತು ಮೆಕ್‌ಬ್ರೈಡ್ ಬರೆದ, ಉರಿದ ಗ್ಯಾಸಿನಲ್ಲಿ ಏನೇನು ಎಷ್ಟೆಷ್ಟಿರುತ್ತೆ ಅಂತ ಲೆಕ್ಕ ಹಾಕೋ ಫೋರ್ಟ್ರಾನ್ ಪ್ರೋಗ್ರಾಮು, ಹಳೇದು ಆದ್ರೆ ಗಟ್ಟಿ. ಚೇಂಬರ್ ಪ್ರೆಶರ್ 60 ಬಾರ್ ಕೊಟ್ಟೆ, 8:1ಕ್ಕೆ ಟೆಂಪರೇಚರ್ 3500ರ ಆಸುಪಾಸಿಗೆ ಇಳೀತು. ಅಲ್ಲೂ ಒಂದು ಎಡವಟ್ಟು ಮಾಡ್ಕೊಂಡೆ, ಹೈಡ್ರೋಜನ್ ಆಕ್ಸಿಜನ್ ಎರಡನ್ನೂ ರೂಮ್ ಟೆಂಪರೇಚರ್ ಗ್ಯಾಸ್ ಅಂತ ಕೊಟ್ಟುಬಿಟ್ಟಿದ್ದೆ, ನಿಜವಾಗಿ ಅವು ಲಿಕ್ವಿಡ್ಡು, ಮೈನಸ್ 253 ಮತ್ತು ಮೈನಸ್ 183 ಡಿಗ್ರಿ, ಅವನ್ನ ಗ್ಯಾಸ್ ಮಾಡಿ ಬಿಸಿ ಮಾಡೋ ಶಾಖನೂ ಉರಿಯಿಂದಲೇ ಹೋಗಬೇಕಲ್ಲ, ಹತ್ತು ಸೆಕೆಂಡ್‌ಗಿಂತ ಜಾಸ್ತಿ ಇಂಪಲ್ಸ್ ಪುಕ್ಸಟ್ಟೆ ಸಿಕ್ಕಿತ್ತು ನಂಗೆ.

ಸರಿ ಮಾಡಿ, ಆಕ್ಸಿಜನ್-ಹೈಡ್ರೋಜನ್ ಅನುಪಾತಕ್ಕೆ ಇಂಪಲ್ಸ್ ಎಷ್ಟು ಅಂತ ಗ್ರಾಫ್ ಹಾಕಿದ್ರೆ ತುದಿ 8ರಲ್ಲಿ ಇಲ್ಲ, 4ರ ಹತ್ರ! ಅಲ್ಲಿ ಟೆಂಪರೇಚರ್ 3000ಕ್ಕೆ ಬಿದ್ದಿದೆ, ಅರ್ಧ ಹೈಡ್ರೋಜನ್ ಉರಿದೇ ಇಲ್ಲ, ಆದ್ರೂ ಇಂಪಲ್ಸ್ ಅಲ್ಲೇ ಜಾಸ್ತಿ. ಎರಡು ದಿನ ಇನ್‌ಪುಟ್ ಫೈಲೇ ತಪ್ಪು ಅಂತ ಹುಡುಕ್ದೆ. ಕೊನೆಗೆ ಪೆನ್ನು ಪೇಪರ್ ತಗೊಂಡಾಗ ಗೊತ್ತಾಗಿದ್ದು. 1 ಕೆಜಿ ಹೈಡ್ರೋಜನ್ ಅಂದ್ರೆ 500 ಮೋಲ್ (ಮೋಲ್ ಅಂದ್ರೆ ಅಣುಗಳನ್ನ ಎಣಿಸೋ ಒಂದು ಲೆಕ್ಕ, ಡಜನ್ ಇದ್ದ ಹಾಗೆ). ಒಂದು ಹೈಡ್ರೋಜನ್ ಅಣು ಉರಿದ್ರೆ ಒಂದು ನೀರಿನ ಅಣು, ಉರೀದೆ ಇದ್ರೆ ಅದೇ ಹೈಡ್ರೋಜನ್ ಅಣು, ಹೆಂಗಾದ್ರೂ ಒಟ್ಟು 500 ಮೋಲೇ. 4:1ರಲ್ಲಿ 5 ಕೆಜಿಯನ್ನ 500 ಮೋಲ್ ಹಂಚ್ಕೊಂಡ್ರೆ ತಲಾ 10 ಗ್ರಾಂ, 8:1ರಲ್ಲಿ 9 ಕೆಜಿ ಅಂದ್ರೆ ತಲಾ 18 (ಒಡೆಯೋದನ್ನ ಸೇರಿಸಿದ್ರೆ ಒಂಚೂರು ಕಮ್ಮಿ). ನಾಝಲ್‌ನಿಂದ ಗ್ಯಾಸ್ ಹೊರಗೆ ಹೋಗೋ ವೇಗ ಟೆಂಪರೇಚರನ್ನ ಅಣುತೂಕದಿಂದ ಭಾಗಿಸಿದ್ದರ ವರ್ಗಮೂಲದ ಜೊತೆ ಹೋಗುತ್ತೆ, ಬರೀ ಟೆಂಪರೇಚರ್ ಜೊತೆ ಅಲ್ಲ. ಅದೇ ತೋಳು ಅದೇ ಜೋರು, ತೆಂಗಿನಕಾಯಿ ಎಸೆದ್ರೆ ಎಲ್ಲಿ ಬೀಳುತ್ತೆ, ಅಡಿಕೆ ಎಸೆದ್ರೆ ಎಲ್ಲಿ ಬೀಳುತ್ತೆ ನೋಡಿ.

ಹಂಗಾದ್ರೆ ಸಿಇ-20 ಯಾಕೆ 4 ಬಿಟ್ಟು 5.05ರಲ್ಲಿ ಓಡುತ್ತೆ, ಅಮೆರಿಕದ ಶಟಲ್ ಎಂಜಿನ್ ಯಾಕೆ 6ರಲ್ಲಿ ಓಡ್ತಿತ್ತು? ಇದಕ್ಕೆ ಉತ್ತರ ಕೆಮಿಸ್ಟ್ರಿಯಲ್ಲಿ ಇಲ್ಲ, ಟ್ಯಾಂಕಲ್ಲಿದೆ. ಲಿಕ್ವಿಡ್ ಹೈಡ್ರೋಜನ್ ಒಂದು ಘನ ಮೀಟರ್‌ಗೆ ಬರೀ 71 ಕೆಜಿ ತೂಗುತ್ತೆ, ಆಕ್ಸಿಜನ್ 1141. ಎಲ್‌ವಿಎಂ3ರ ಮೇಲಿನ ಸಿ25 ಸ್ಟೇಜಿಗೆ (ಇಸ್ರೋ ರಾಕೆಟ್ಟಿನ ಈ ಭಾಗದಲ್ಲೇ ಸಿಇ-20 ಇರೋದು) ಸುಮಾರು 28 ಟನ್ ಪ್ರೊಪೆಲೆಂಟ್, 5.05ರ ಲೆಕ್ಕದಲ್ಲಿ ಹೈಡ್ರೋಜನ್ 4.6 ಟನ್. ತೂಕದಲ್ಲಿ ಆರನೇ ಒಂದು ಭಾಗ, ಆದ್ರೆ ಜಾಗ 65 ಘನ ಮೀಟರ್, ನಮ್ಮ ಏರಿಯಾಕ್ಕೆ ಬರೋ 6000 ಲೀಟರ್ ನೀರಿನ ಟ್ಯಾಂಕರ್ ಇದ್ಯಲ್ಲ, ಅಂಥವು ಹತ್ರ ಹತ್ರ 11. ಉಳಿದ 23 ಟನ್ ಚಿಲ್ಲರೆ ಆಕ್ಸಿಜನ್‌ಗೆ ಮೂರೂವರೆ ಟ್ಯಾಂಕರ್ ಸಾಕು. 4:1 ಮಾಡಿದ್ರೆ ಹೈಡ್ರೋಜನ್‌ಗೆ ಇನ್ನೂ ಎರಡು ಟ್ಯಾಂಕರ್ ಜಾಗ ಬೇಕು, ಅಷ್ಟು ಲೋಹ, ಅಷ್ಟು ಇನ್ಸುಲೇಷನ್, ಎಲ್ಲಾ ಹೊತ್ಕೊಂಡೇ ಹೋಗಬೇಕು. ಎರಡ್ಮೂರು ಸೆಕೆಂಡ್ ಇಂಪಲ್ಸ್‌ಗೋಸ್ಕರ ಆ ಭಾರ ಯಾರಿಗೆ ಬೇಕು.

ವೈವಾದಲ್ಲಿ ಎಕ್ಸ್‌ಟರ್ನಲ್ ಎಗ್ಸಾಮಿನರ್ ಕೇಳಿದ್ದೂ ಇದರ ತಮ್ಮನಂಥ ಪ್ರಶ್ನೇನೇ, ಅದೇ ರಾಕೆಟ್ಟಿನ ಕೆಳಗಿನ, ವಿಕಾಸ್ ಎಂಜಿನ್ ಇರೋ ಎಲ್110 ಸ್ಟೇಜಿಗೂ ಹೈಡ್ರೋಜನ್ ಯಾಕೆ ಹಾಕಿಲ್ಲ ಅಂತ. ಅಲ್ಲಿರೋ ಇಂಧನ ಯುಎಚ್25 ಮತ್ತು ಅದನ್ನ ಉರಿಸೋ ನೈಟ್ರೋಜನ್ ಟೆಟ್ರಾಕ್ಸೈಡ್ ವಿಷ, ಇಂಪಲ್ಸೂ ಕಮ್ಮಿ, ಆದ್ರೆ 110 ಟನ್ 100 ಘನ ಮೀಟರ್ ಒಳಗೇ ಹಿಡಿಯುತ್ತೆ, ಸಿ25ರ 28 ಟನ್‌ಗೇ 86 ಬೇಕು ಅಂದೆ. ಅವರು ರಿಪೋರ್ಟ್ ಮುಚ್ಚಿಟ್ಟು, ಆ ಟ್ಯಾಂಕರ್ ಲೆಕ್ಕ ಇನ್ನೊಂದ್ಸಲ ಹೇಳಿ ಅಂದ್ರು.