ತಲೆ ನೋಡಬೇಡಿ, ತಲೆಯ ಹಿಂದಿನ ಬೆನ್ನು ನೋಡಿ

ಶಿಡ್ಲಘಟ್ಟದ ಕಡೆ ನಮ್ಮದು ಹಿಪ್ಪುನೇರಳೆ ತೋಟ. ತೋಟದ ನೀರಿಗೆಂದು ತೋಡಿಸಿದ 21 ಮೀಟರ್ ಉದ್ದಗಲದ ಕೃಷಿ ಹೊಂಡಕ್ಕೆ ಜುಲೈನಲ್ಲಿ 1500 ಮೀನುಮರಿ ಬಿಟ್ಟೆ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ.

ಎರಡು ತಿಂಗಳಾದ ಮೇಲೆ ಬಲೆ ಎಳೆದಾಗ ಎದೆ ಧಸಕ್ಕೆಂದಿತು. ಒಂದೇ ದಿನ ಬಿಟ್ಟ ಕಾಟ್ಲಾ ಮರಿಗಳಲ್ಲಿ ಒಂದು ದುಂಡಗೆ, ಇನ್ನೊಂದು ಕಡ್ಡಿ. ರೇಷ್ಮೆ ಹುಳದಲ್ಲಿ ಹೀಗೆ ಸಣ್ಣದು ದೊಡ್ಡದು ಕಂಡರೆ ನಮಗೆ ಮೊದಲು ರೋಗದ ಗುಮಾನಿ ಬರುತ್ತದೆ. ಇಲ್ಲೂ ಮರಿಯೇ ಕಳಪೆ ಅಂದುಕೊಂಡೆ.

ಸುಮ್ನೆ ಬೈದುಕೊಂಡು ಕೂರುವ ಬದಲು ಅಳೆದು ನೋಡಿದೆ. ಬೆಳಗ್ಗೆ ಮೇವು ಹಾಕುವ ಮೊದಲೇ ಹಿಡಿಯಬೇಕು, ಹೊಟ್ಟೆ ತುಂಬಿದ್ದರೆ ತೂಕ ಸರಿಯಾಗಿ ಸಿಗಲ್ಲ. ಕೈ ಒದ್ದೆ ಇರಬೇಕು, ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಎರಡು ಮರಿ ಸರಿಯಾಗಿ 10 ಸೆಂಟಿಮೀಟರ್ ಇದ್ದವು. ಒಂದರ ತೂಕ 14 ಗ್ರಾಂ, ಇನ್ನೊಂದರದು 8. ತೂಕವನ್ನು ಉದ್ದದಿಂದ ಮೂರು ಸಲ ಭಾಗಿಸಿ ನೂರರಿಂದ ಗುಣಿಸಿದರೆ ಮೈತುಂಬಿದ ಲೆಕ್ಕ ಸಿಗುತ್ತದೆ: 1.4 ಮತ್ತು 0.8. ಈ ಲೆಕ್ಕವನ್ನು ಒಂದೇ ಜಾತಿಯೊಳಗೆ ಹೋಲಿಸಬೇಕು. ರೋಹು ಹುಟ್ಟಾ ಸಪೂರ, ಅದನ್ನು ಕಾಟ್ಲಾ ಜೊತೆ ಹಿಡಿದರೆ ಅನ್ಯಾಯ.

ಕಾಟ್ಲಾದ ತಲೆ ಆರೋಗ್ಯವಾಗಿದ್ದಾಗಲೂ ದಪ್ಪವೇ. ಹೊಟ್ಟೆಗಿಲ್ಲದ ಮರಿಯಲ್ಲಿ ತಲೆ ಹಾಗೇ ಇದ್ದು, ಅದರ ಹಿಂದಿನ ಬೆನ್ನು ಚೂರಿಯಂತೆ ಇಳಿದಿರುತ್ತದೆ. ನಮ್ಮ ಸಣಕಲು ಮರಿಗಳೆಲ್ಲ ಹಾಗೇ ಇದ್ದವು. ತಪ್ಪು ನನ್ನದೇ. ಎಕರೆಗೆ 2000ದಿಂದ 4000 ಮರಿ ಸಾಕು ಅನ್ನುತ್ತಾರೆ. ನಾಲ್ಕು ಗುಂಟೆ ಚಿಲ್ಲರೆ ಹೊಂಡಕ್ಕೆ 400 ದಾಟಬಾರದಿತ್ತು. ಜಾಗ ಕಿರಿದಾದಾಗ ದೊಡ್ಡವು ಮೇವಿಗೆ ಮುಗಿಬೀಳುತ್ತವೆ, ಚಿಕ್ಕವು ಹಿಂದೆ ಉಳಿಯುತ್ತವೆ, ದಿನ ಕಳೆದಂತೆ ಅಂತರ ಜಾಸ್ತಿಯಾಗುತ್ತದೆ.

ಸಾವಿರದಷ್ಟು ಮರಿಯನ್ನು ಪಕ್ಕದ ತೋಟದವರ ಹೊಂಡಗಳಿಗೆ ಕೊಟ್ಟೆ. ಸಣಕಲು ಮರಿಗಳನ್ನು ಹೊಂಡದೊಳಗೇ ಬಲೆಯ ತೊಟ್ಟಿ ಕಟ್ಟಿ ಬೇರೆ ಬಿಟ್ಟು, ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮ ಬೆರೆಸಿ ನುಣ್ಣಗೆ ಪುಡಿ ಮಾಡಿ ದಿನಕ್ಕೆ ಎರಡು ಸಲ ಕೊಟ್ಟೆ. ಮೂರು ವಾರಕ್ಕೆ ಹೆಚ್ಚಿನವುಗಳ ಬೆನ್ನು ತುಂಬಿಕೊಂಡಿತು. ಆ ಬೆಳಗ್ಗೆ ಆದ ಸಂತೋಷ ಇನ್ನೂ ನೆನಪಿದೆ.

ಐದಾರು ಮಾತ್ರ ಬದಲಾಗಲಿಲ್ಲ. ಕೆಲವಕ್ಕೆ ಬೆನ್ನೆಲುಬೇ ಸೊಟ್ಟ, ಒಂದಕ್ಕೆ ಕಿವಿರಿನ ಮುಚ್ಚಳ ಗಿಡ್ಡವಾಗಿ ಕೆಂಪು ಕಿವಿರು ಹೊರಗೆ ಕಾಣುತ್ತಿತ್ತು. ಮೊಟ್ಟೆ ಮರಿಯಾಗುವಾಗ ಬಿಸಿ ಅಥವಾ ಆಮ್ಲಜನಕ ಏರುಪೇರಾದರೆ, ಮೇವಿನಲ್ಲಿ ವಿಟಮಿನ್ ಸಿ ಕಡಿಮೆಯಾದರೆ, ತಾಯಿ ತಂದೆ ಮೀನುಗಳು ಹತ್ತಿರದ ರಕ್ತ ಸಂಬಂಧದವಾದರೆ ಹೀಗಾಗಬಹುದು. ಇದು ಮೇವಿನಿಂದ ನೆಟ್ಟಗಾಗುವುದಲ್ಲ. ಅವನ್ನು ತೆಗೆದುಬಿಟ್ಟೆ.

ಅವುಗಳ ಜೊತೆ ಎರಡು ಗೆಂಡೆ ಮರಿಗಳನ್ನೂ ತೆಗೆದಿದ್ದೆ. ಮೈಯೆಲ್ಲ ಬೋಳು, ಅಲ್ಲಲ್ಲಿ ಮಾತ್ರ ಕನ್ನಡಿಯಂತೆ ಹೊಳೆಯುವ ದೊಡ್ಡ ಹುರುಪೆ. ಕಾಯಿಲೆ ಅಂದುಕೊಂಡಿದ್ದೆ. ಅದು ಗೆಂಡೆಯಲ್ಲಿ ವಂಶದಿಂದಲೇ ಬರುವ ಒಂದು ಬಗೆ ಎಂದು ಆಮೇಲೆ ತಿಳಿಯಿತು. ಅಂಥದ್ದೇ ಮೂರನೆಯದು ಇನ್ನೂ ಹೊಂಡದಲ್ಲಿದೆ. ಹೋದ ವಾರ ಅಳೆದಾಗ ಉಳಿದ ಗೆಂಡೆಗಳಷ್ಟೇ ಮೈತುಂಬಿಕೊಂಡಿತ್ತು.