ನಮ್ಮ ಎಸ್ಕೇಪ್ ರೂಮಿನಲ್ಲಿ ಎಲ್ಲರಿಗೂ ಕಳ್ಳನ ಪಾತ್ರ

ಸೈಬರ್ ಸುರಕ್ಷತೆಯ ಪಾಠವನ್ನು ಸ್ಲೈಡ್‌ನಲ್ಲಿ ಕೊಟ್ಟರೆ ಜನ 'ನೆಕ್ಸ್ಟ್' ಒತ್ತುತ್ತಾ ಹೋಗುತ್ತಾರೆ, ಅಷ್ಟೆ. ಅದಕ್ಕೇ ನಮ್ಮ ಬೆಂಗಳೂರು ಆಫೀಸಿನ ಸಣ್ಣ ಮೀಟಿಂಗ್ ರೂಮೊಂದನ್ನು ಎಸ್ಕೇಪ್ ರೂಮ್ ಮಾಡಿಬಿಟ್ಟೆ: ಸುಳಿವು ಹುಡುಕಿ, ಬೀಗ ಬಿಡಿಸಿ, ಕೊಟ್ಟ ಸಮಯದೊಳಗೆ ಗೆಲ್ಲಬೇಕಾದ ಆಟ. ಬಾಗಿಲಿಗೆ ಮಾತ್ರ ಬೀಗ ಹಾಕುವುದಿಲ್ಲ. ಬೆಂಕಿ ಗಿಂಕಿ ಹತ್ತಿಕೊಂಡರೆ ಯಾರು ಹೊಣೆ? ಬೀಗವೆಲ್ಲ ಪೆಟ್ಟಿಗೆಗಳಿಗೆ.

ಕತೆ ಇಷ್ಟೇ. ಅಕೌಂಟ್ಸ್‌ನವರೊಬ್ಬರು ರಜೆ ಮೇಲಿದ್ದಾರೆ, ಅವರ ಮೇಜು ನಿಮ್ಮೆದುರಿಗಿದೆ, ಅರ್ಧ ಗಂಟೆಯಲ್ಲಿ ಅವರ ಲ್ಯಾಪ್‌ಟಾಪ್ ತೆರೆಯಬೇಕು. ಕಾವಲುಗಾರರ ಪಾತ್ರ ಕೊಟ್ಟರೆ ಎಲ್ಲರೂ ಜಾಣ ಉತ್ತರ ಕೊಡುತ್ತಾರೆ; ಕದಿಯಲು ಬಿಟ್ಟರೆ ತಲೆ ಓಡುತ್ತದೆ. ಫೋಟೊದಲ್ಲಿ ಕೇಕು, ಕೇಕಿನ ಮೇಲೆ ಮಗಳ ಹೆಸರು. ಕ್ಯಾಲೆಂಡರಿನಲ್ಲಿ ಕೆಂಪು ಗುರುತು. ಕಸದ ಬುಟ್ಟಿಯಲ್ಲಿ ಎರಡೇ ಚೂರಾಗಿ ಹರಿದ ಸಂಬಳದ ಸ್ಲಿಪ್. ಇವೆಲ್ಲ ನಾವೇ ಹುಟ್ಟಿಸಿದ ಸುಳ್ಳು ವಿವರಗಳು. ನಿಜವಾದ ನೌಕರರ ಒಂದಕ್ಷರವೂ ಇಲ್ಲಿ ಬರಕೂಡದು.

ಪೆಟ್ಟಿಗೆಗೆ ಮೂರಂಕಿಯ ಬೀಗ. ಒಂದು ತಂಡ ಸುಳಿವು ಹುಡುಕುವ ಗೋಜಿಗೇ ಹೋಗದೆ 000ದಿಂದ ತಿರುಗಿಸತೊಡಗಿತು. ನಾನು ತಡೆಯಲಿಲ್ಲ. ಸೆಕೆಂಡಿಗೊಂದರಂತೆ ತಿರುಗಿಸಿದರೆ ಸಾವಿರವೂ 17 ನಿಮಿಷದೊಳಗೆ ಮುಗಿಯುತ್ತದೆ. ಪಾಸ್‌ವರ್ಡ್ ಯಾಕೆ ಉದ್ದವಿರಬೇಕೆಂದು ಆ ತಂಡಕ್ಕೆ ನಾನು ವಿವರಿಸುವ ಕೆಲಸವೇ ಉಳಿಯಲಿಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ಫೋನ್ ಕರೆ. ಟೈಮರ್‌ನಲ್ಲಿ ಐದಾರು ನಿಮಿಷ ಉಳಿದಾಗ ಮೇಜಿನ ಫೋನ್ ರಿಂಗಾಗುತ್ತದೆ. ಪಕ್ಕದ ರೂಮಿನಿಂದ ಸಹೋದ್ಯೋಗಿ: "ಐಟಿಯಿಂದ ಮಾತಾಡ್ತಿದೀನಿ. ಟೈಮ್ ಆಗ್ತಾ ಬಂತಲ್ಲ, ಪೆಟ್ಟಿಗೇಲಿ ಸಿಕ್ಕ ಓಟಿಪಿ ಹೇಳಿ, ಹಿಂಟ್ ಕೊಡ್ತೀನಿ." ಹೇಳಿದರೆ ಮೂರು ನಿಮಿಷ ಖೋತಾ. ಫೋನ್ ಇಟ್ಟುಬಿಟ್ಟು, ಗೋಡೆಯ ಮೇಲಿರುವ ಹೆಲ್ಪ್‌ಡೆಸ್ಕ್ ನಂಬರಿಗೆ ತಾವೇ ಕರೆ ಮಾಡಿದರೆ ನಿಜವಾದ ಹಿಂಟ್ ಸಿಗುತ್ತದೆ. ಆ ನಂಬರು ಕಣ್ಣೆದುರೇ ಇದ್ದರೂ ಬಹುತೇಕರು ಓಟಿಪಿ ಓದಿಬಿಡುತ್ತಾರೆ, ಸೆಕ್ಯುರಿಟಿ ತರಬೇತಿ ಮುಗಿಸಿದ ಇಂಜಿನಿಯರುಗಳೂ ಸೇರಿ. ಗಡಿಯಾರ ಓಡುತ್ತಿದ್ದರೆ ಅನುಮಾನ ಪಡಲು ಪುರುಸೊತ್ತಿರುವುದಿಲ್ಲ. ವಂಚಕರ ಬಂಡವಾಳವೂ ಅದೇ.

ಆಟ ಮುಗಿದ ಮೇಲೆ ಹತ್ತು ನಿಮಿಷ ಕೂತು ಮಾತಾಡುವುದು ಕಡ್ಡಾಯ. ಪೊಲೀಸರ ಸೋಗಿನಲ್ಲಿ 'ನಿಮ್ಮನ್ನು ಫೋನಿನಲ್ಲೇ ಬಂಧಿಸಿದ್ದೇವೆ' ಎಂದು ಹೆದರಿಸಿ ಹಣ ಕೀಳುವ 'ಡಿಜಿಟಲ್ ಅರೆಸ್ಟ್' ಕರೆಯಲ್ಲೂ ಇದೇ ಅವಸರವಿರುತ್ತದೆ, ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎನ್ನುವುದೆಲ್ಲ ಆಗ ತಲೆಗಿಳಿಯುತ್ತದೆ. ಯಾರು ಓಟಿಪಿ ಹೇಳಿದರು ಅನ್ನುವುದು ಮ್ಯಾನೇಜರ್‌ಗೆ ಹೋಗುವುದಿಲ್ಲ. ಹೋಯಿತೆಂದರೆ ಮರುದಿನ ಯಾರೂ ಆಡಲು ಬರುವುದಿಲ್ಲ.

ಹೌಸ್‌ಕೀಪಿಂಗ್‌ನವರಿಗೆ ಬೇರೆ ಆಟ, ಪೂರ್ತಿ ಕನ್ನಡದಲ್ಲಿ. ಮೇಜಿನ ಮೇಲೆ ಕ್ಯೂಆರ್ ಕೋಡ್: 'ಸ್ಕ್ಯಾನ್ ಮಾಡಿ, ಪಿನ್ ಒತ್ತಿ, 500 ರೂ. ಪಡೆಯಿರಿ.' ಯುಪಿಐನಲ್ಲಿ ಹಣ ಬರಲು ಪಿನ್ ಬೇಡ ಎಂಬುದು ಇಲ್ಲಿನ ಕೀಲಿ. ಫೋನ್ ಅಲ್ಲೂ ರಿಂಗಾಯಿತು. ಒಬ್ಬ ಅಕ್ಕ ಎತ್ತಲೇ ಇಲ್ಲ. "ಯಾರೋ ಏನೋ ಸಾರ್, ಕೆಲ್ಸ ಇದ್ರೆ ಅವ್ರೇ ಬರ್ತಾರೆ ಬಿಡಿ" ಅಂದರು. ಸರಿ, ಈಗ ಆ ಆಟದಲ್ಲಿ ಫೋನಿಲ್ಲ. ಕೊರಳಿಗೆ ನಕಲಿ ಐಡಿ ಕಾರ್ಡ್ ನೇತುಹಾಕಿಕೊಂಡು ಎಸಿ ರಿಪೇರಿಯವನ ವೇಷದಲ್ಲಿ ನಾನೇ ಬಾಗಿಲು ತಟ್ಟುತ್ತೇನೆ.